ಬಾಲ್ಕನಿಯ ಕೆಳಗಿನ ಗಾಜು

ಬೆರಳಗಲದ ಒಂದು ಗಾಜಿನ ಪಟ್ಟಿ. ಕಟ್ಟಡದಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಮೂಡಿದ ಬಿರುಕಿನ ಮೇಲೆ ಅದನ್ನು ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟಿನ ಚಿಕ್ಕ ಉಂಡೆ ಒತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದರೆ ಮುಗಿಯಿತು. ಬಿರುಕು ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ. ಕಟ್ಟಡ ಒಂದಿಷ್ಟು ಸರಿದರೂ ಸಾಕು, ಗಾಜು ಬಿರಿಯುತ್ತದೆ. ಎಂಜಿನಿಯರಾಗಿ ನಾನು ಮಾಡಿದ ಮೊದಲ ಕೆಲಸ ಅದು.

ನಾನು ಓದಿದ ಕಾಲೇಜಿನವರು ಈಗ ವರ್ಷಕ್ಕೊಮ್ಮೆ ನನ್ನನ್ನು ಕರೆಸುತ್ತಾರೆ. ಪದವಿ ಮುಗಿಸಿ ವಕೀಲರ ಹತ್ತಿರವೋ, ಲೆಕ್ಕಪರಿಶೋಧಕರ ಹತ್ತಿರವೋ, ನಮ್ಮಂಥ ಎಂಜಿನಿಯರುಗಳ ಕಚೇರಿಗೋ ಸೇರಲಿರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಬೇಕು. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಗಿರಾಕಿಗಳ ಜೊತೆ ಹೇಗೆ ಮಾತಾಡಬೇಕು, ಹಿರಿಯರ ಮೆಚ್ಚುಗೆ ಗಳಿಸುವುದು ಹೇಗೆ, ಸ್ವಂತ ಕಚೇರಿ ತೆರೆಯಲು ಎಷ್ಟು ಕಾಲ ಕಾಯಬೇಕು. ಅಂಶ ಅಂಶವಾಗಿ ಹೇಳಿ, ಬರೆದುಕೊಳ್ಳಲು ಅನುಕೂಲವಾಗುತ್ತದೆ ಎಂದು ಸಂಘಟಕರು ಪ್ರತಿಸಲವೂ ಕೇಳಿಕೊಳ್ಳುತ್ತಾರೆ. ನನಗೆ ಅದು ಬರುವುದಿಲ್ಲ. ಗಾಜಿನ ಪಟ್ಟಿಯ ಸಂಗತಿ ಹೇಳಿ ವೇದಿಕೆಯಿಂದ ಇಳಿಯುತ್ತೇನೆ. ಕೆಲವರಿಗೆ ನಿರಾಸೆಯಾಗುವುದು ಮುಖದಲ್ಲೇ ಕಾಣುತ್ತದೆ. ಅಲ್ಲಿ ಸಮಯ ಸಾಲದೆ ಅರ್ಧಂಬರ್ಧ ಹೇಳುವುದನ್ನು ಇಲ್ಲಿ ಪೂರ್ತಿಯಾಗಿ ಹೇಳುತ್ತೇನೆ.

ನಾನು ಮೊದಲು ಸೇರಿದ್ದು ಜಿನದತ್ತಯ್ಯನವರ ಕಚೇರಿಗೆ. ಅದು ನಮ್ಮೂರಿನ ಪೇಟೆಬೀದಿಯಲ್ಲಿ ಬಟ್ಟೆಯಂಗಡಿಯೊಂದರ ಮಹಡಿಯ ಮೇಲಿತ್ತು. ಹೊಸದಾಗಿ ಕಟ್ಟುವವರು ಅವರಲ್ಲಿಗೆ ನಕ್ಷೆಗಾಗಿ ಬರುತ್ತಿದ್ದರು. ಕಟ್ಟಿ ಮುಗಿಸಿದವರು ಅನುಮಾನಗಳನ್ನು ಹೊತ್ತು ಬರುತ್ತಿದ್ದರು. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಅವರ ರಾತ್ರಿಯೂಟ ಆಗಿಬಿಡಬೇಕಾದ್ದರಿಂದ ಕಚೇರಿ ಬೇರೆಲ್ಲ ಕಚೇರಿಗಳಿಗಿಂತ ಮುಂಚೆ ತೆರೆದು ಮುಂಚೆ ಮುಚ್ಚುತ್ತಿತ್ತು. ಬೀದಿಯವರು ಅವರು ಮೆಟ್ಟಿಲಿಳಿಯುವುದನ್ನು ನೋಡಿ ಸಂಜೆಯಾಯಿತೆಂದು ತಿಳಿಯುತ್ತಿದ್ದರು. ಮಿತಭಾಷಿ. ಬೈದದ್ದನ್ನು ನಾನು ಕೇಳಲಿಲ್ಲ, ಹೊಗಳಿದ್ದನ್ನೂ ಅಷ್ಟಾಗಿ ಕೇಳಲಿಲ್ಲ.

ನಾನು ವಿಶ್ವವಿದ್ಯಾಲಯಕ್ಕೆ ಎರಡನೆಯ ಸ್ಥಾನ ಪಡೆದು ಬಂದವಳು. ಸೇರಿದ ವಾರವೇ ದೊಡ್ಡ ಸೇತುವೆಯನ್ನಲ್ಲದಿದ್ದರೂ ಒಂದು ನೀರಿನ ಟ್ಯಾಂಕನ್ನಾದರೂ ಲೆಕ್ಕ ಹಾಕಲು ಕೊಡುತ್ತಾರೆಂದು ಕಾದಿದ್ದೆ. ಅವರು ಕೊಟ್ಟದ್ದು ಕಾಗದದಲ್ಲಿ ಸುತ್ತಿದ ಗಾಜಿನ ಪಟ್ಟಿಯನ್ನು. ರುದ್ರಮುನಿಯಪ್ಪನವರ ನಾಟಕ ಮಂದಿರಕ್ಕೆ ಹೋಗಿ ಬಾಲ್ಕನಿಯ ಅಡಿಭಾಗದಲ್ಲಿ ಕಾಣುವ ಬಿರುಕಿಗೆ ಇದನ್ನು ಅಂಟಿಸಿ ಬಾ ಎಂದರು. ಹೋದೆ, ಏಣಿ ಹತ್ತಿದೆ, ಅಂಟಿಸಿದೆ. ಸೀರೆಯ ತುಂಬ ಸಿಮೆಂಟು ಮಾಡಿಕೊಂಡು ಮನೆಗೆ ಬಂದಾಗ ಅಮ್ಮ, ಇದಕ್ಕೇನಾ ಇಷ್ಟು ವರ್ಷ ಓದಿದ್ದು ಎಂದು ಕೇಳಿದರು.

ರುದ್ರಮುನಿಯಪ್ಪನವರು ನಮ್ಮ ಊರಿನ ದೊಡ್ಡ ಎಣ್ಣೆ ಮಿಲ್ಲಿನ ಯಜಮಾನರು. ಮಿಲ್ಲು ಅವರ ಹೊಟ್ಟೆಪಾಡಾದರೆ ನಾಟಕ ಮಂದಿರ ಅವರ ಜೀವ. ಅವರ ತಂದೆ ನಾಟಕದ ಹುಚ್ಚು ಹಿಡಿಸಿಕೊಂಡವರಂತೆ. ಅವರ ಕಣ್ಣು ಮುಚ್ಚುವ ಮೊದಲು ಊರಿಗೊಂದು ಮಂದಿರವಾಗಲಿ ಎಂದು ಮಗ ಕಟ್ಟಿಸಿದ್ದು. ಆ ವರ್ಷ ಇಡೀ ಮಂದಿರಕ್ಕೆ ಸುಣ್ಣಬಣ್ಣ ಮಾಡಿಸಿ, ಹೊಸ ಪರದೆ ಹಾಕಿಸಿ, ಹೆಸರಾದ ನಾಟಕ ಕಂಪನಿಯೊಂದನ್ನು ಇಡೀ ಋತುವಿಗೆ ಕರೆಸಿದ್ದರು. ಊರ ಗೋಡೆಗಳ ಮೇಲೆಲ್ಲ ಮೊದಲ ನಾಟಕದ ಭಿತ್ತಿಪತ್ರ ಅಂಟಿತ್ತು. ನಮ್ಮ ಕಚೇರಿಗೂ ಅವರೇ ದೊಡ್ಡ ಆಧಾರ. ಮಿಲ್ಲಿನ ಹೊಸ ಷೆಡ್ಡು, ಅವರು ಕಟ್ಟಿಸುತ್ತಿದ್ದ ಶಾಲೆ, ಎರಡರ ಕೆಲಸವೂ ನಮ್ಮ ಮೇಜಿನ ಮೇಲಿತ್ತು.

ಬಿರುಕನ್ನು ತೋರಿಸಿದ್ದೂ ಅವರೇ. ಹಳೆಯ ಸುಣ್ಣ ಕೆರೆಯುವಾಗ ಕಂಡಿತಂತೆ. ನಾನು ಗಾಜು ಅಂಟಿಸಲು ಹೋದ ದಿನ ಅವರು ಕೆಳಗೆ ನಿಂತು ನನ್ನ ಏಣಿಯನ್ನು ಸ್ವತಃ ಹಿಡಿದುಕೊಂಡಿದ್ದರು. ಬಾಲ್ಕನಿಯ ಮೇಲುಭಾಗವನ್ನೂ ನೋಡಬೇಕು, ಬನ್ನಿ ಎಂದರೆ ತಲೆಯಾಡಿಸಿದರು. "ನೀವು ನೋಡ್ಕೊಂಡು ಬನ್ನಿ ತಾಯಿ. ನನಗೆ ಮಂಡಿನೋವು, ಮೆಟ್ಟಿಲು ಆಗೋದಿಲ್ಲ." ನಾನು ಒಬ್ಬಳೇ ಹತ್ತಿ ನೋಡಿ ಬಂದೆ. ಮೇಲೆ ಏನೂ ಕಾಣಲಿಲ್ಲ.

ವಾರಕ್ಕೊಮ್ಮೆ ಹೋಗಿ ಗಾಜನ್ನು ನೋಡಿ ಬರುವುದು ನನ್ನ ಪಾಲಿನ ಕೆಲಸವಾಯಿತು. ಪ್ರತಿಸಲವೂ ಅದು ಇದ್ದ ಹಾಗೇ ಇರುತ್ತಿತ್ತು. ಮೊದಲೆರಡು ಸಲ ಗಮನವಿಟ್ಟು ನೋಡಿದೆ. ಆಮೇಲೆ ದೇವರ ಪಟಕ್ಕೆ ಕೈಮುಗಿಯುವ ಹಾಗೆ ನೋಡಿ ಬರತೊಡಗಿದೆ. ಹೀಗಿರುವಾಗ ಒಂದು ಬೆಳಿಗ್ಗೆ, ನಾಟಕಕ್ಕೆ ಇನ್ನು ಹತ್ತು ಹನ್ನೆರಡು ದಿನವಿದೆ ಎನ್ನುವಾಗ, ಏಣಿ ಹತ್ತಿದವಳಿಗೆ ಗಾಜಿನ ನಟ್ಟನಡುವೆ ಓರೆಯಾಗಿ ಒಂದು ಗೆರೆ ಕಂಡಿತು. ಬೆರಳಿಂದ ಮುಟ್ಟಿದೆ. ಪಟ್ಟಿ ಎರಡು ತುಂಡಾಗಿತ್ತು.

ಕಚೇರಿಗೆ ಬಂದಾಗ ಜಿನದತ್ತಯ್ಯನವರು ಇರಲಿಲ್ಲ. ಹತ್ತು ವರ್ಷದಿಂದ ಅಲ್ಲೇ ಇದ್ದ ಅಚ್ಯುತ ಎಂಬವರು ಇದ್ದರು. ಒಳ್ಳೆಯ ಮನುಷ್ಯ, ನನಗೆ ನಕ್ಷೆ ಮಡಿಸುವುದರಿಂದ ಹಿಡಿದು ಊರ ಮೇಸ್ತ್ರಿಗಳ ಸ್ವಭಾವದವರೆಗೆ ಎಲ್ಲವನ್ನೂ ತಿಳಿಸಿಕೊಟ್ಟವರು. ವಿಷಯ ಕೇಳಿ ಅವರು ಪೆನ್ಸಿಲು ಕೆಳಗಿಟ್ಟರು. ಗಾಜು ಎಂದಮೇಲೆ ನೂರು ಕಾರಣಕ್ಕೆ ಒಡೆಯುತ್ತದೆ, ಬಿಸಿಲಿಗೂ ಒಡೆದೀತು, ಹೊಸದೊಂದು ಅಂಟಿಸಿ ನಾಟಕದ ಋತು ಮುಗಿಯುವ ತನಕ ನೋಡೋಣ ಎಂದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, ರುದ್ರಮುನಿಯಪ್ಪನವರು ಮುನಿಸಿಕೊಂಡರೆ ಷೆಡ್ಡೂ ಹೋಯಿತು, ಶಾಲೆಯೂ ಹೋಯಿತು, ಕೊನೆಗೆ ಸೇರಿದವಳೇ ಮೊದಲು ಹೊರಗೆ ಹೋಗಬೇಕಾದೀತು ಎಂದರು. ಅವರು ಹೆದರಿಸಲು ಹೇಳಿದ್ದಲ್ಲ. ಅವರಿಗೂ ಇಬ್ಬರು ಮಕ್ಕಳಿದ್ದರು.

ನಾನು ಮಧ್ಯಾಹ್ನದವರೆಗೆ ಯೋಚಿಸುತ್ತ ಕುಳಿತೆ. ಹೆಂಗಸರು ಮಕ್ಕಳು ಕೂರುವುದು ಆ ಬಾಲ್ಕನಿಯಲ್ಲೇ. ನನ್ನ ಅತ್ತಿಗೆ ಮೊದಲ ನಾಟಕಕ್ಕೆ ಟಿಕೆಟು ತೆಗೆದಿಟ್ಟಿದ್ದಳು. ಕೊನೆಗೆ ಒಂದು ವರದಿ ಬರೆದೆ. ಎರಡು ಪುಟ ತುಂಬಾ ಬರೆದೆ. ಬಾಲ್ಕನಿಯು ಅತ್ಯಂತ ಅಪಾಯಕರ ಸ್ಥಿತಿಯಲ್ಲಿದೆ, ಯಾವ ಕ್ಷಣದಲ್ಲಾದರೂ ಅನಾಹುತ ಸಂಭವಿಸಬಹುದು ಎಂಬಂಥ ಮಾತುಗಳಿದ್ದವು.

ಜಿನದತ್ತಯ್ಯನವರು ಬಂದು ಅದನ್ನು ನಿಂತುಕೊಂಡೇ ಓದಿದರು. ಆಮೇಲೆ ಕುಳಿತು, ಕೆಂಪು ಶಾಯಿಯ ಪೆನ್ನು ತೆಗೆದುಕೊಂಡರು.

"ನೀನು ನೋಡಿದ್ದು ಅಪಾಯಾನೋ, ಗಾಜೋ?"

"ಗಾಜು ಸರ್."

"ಹಾಗಾದ್ರೆ ಗಾಜು ಅಂತ ಬರಿ."

ಅಪಾಯಕರ ಹೋಯಿತು, ಅತ್ಯಂತ ಹೋಯಿತು, ಅನಾಹುತ ಹೋಯಿತು. ಎರಡು ಪುಟ ಕೊನೆಗೆ ಐದಾರು ಸಾಲಿಗೆ ಇಳಿಯಿತು. ಗಾಜು ಒಡೆದಿದೆ; ಬಾಲ್ಕನಿ ಸರಿದಿರುವುದರಿಂದ ಹೀಗಾಗಿರಬಹುದು, ಬೇರೆ ಕಾರಣದಿಂದಲೂ ಆಗಿರಬಹುದು. ಅಲ್ಲಿ ನಾನು ತಡೆದೆ. ಕಾರಣವೇನೆಂದು ಬರೆಯಬೇಕು ಎಂದು ಕೇಳಿದೆ. ನಿನಗೆ ಗೊತ್ತೇ ಎಂದರು. ಗೊತ್ತಿಲ್ಲ ಎಂದೆ.

"ಗೊತ್ತಿಲ್ಲ ಅಂತ್ಲೇ ಬರಿ. ಅದರ ಕೆಳಗೆ, ಹೇಗೆ ಗೊತ್ತು ಮಾಡ್ಕೋಬೇಕು ಅಂತ ಬರಿ. ಗೊತ್ತಾಗೋ ತನಕ ಏನು ಮಾಡಬಾರದು ಅಂತ ಬರಿ. ಇಷ್ಟಕ್ಕೇ ಜನ ನಮ್ಮ ಹತ್ರ ಬರೋದು."

ಎರಡನೆಯ ಸ್ಥಾನ ಪಡೆದವಳು ತನ್ನ ಮೊದಲ ವರದಿಯಲ್ಲಿ 'ಕಾರಣ ಗೊತ್ತಿಲ್ಲ' ಎಂದು ಬರೆಯಬೇಕಾಯಿತು. ಬಾಲ್ಕನಿಯ ಮೇಲೆ ಭಾರ ಹೇರಿ ಪರೀಕ್ಷೆ ಮಾಡಬೇಕು, ಅಲ್ಲಿಯತನಕ ಅದರ ಮೇಲಾಗಲಿ ಕೆಳಗಾಗಲಿ ಯಾರನ್ನೂ ಕೂರಿಸಬಾರದು ಎಂದು ಮುಗಿಸಿದೆ. ಅಂದರೆ ಮಂದಿರವನ್ನೇ ಮುಚ್ಚಬೇಕೆಂದು ಅರ್ಥ. ಅವರು ನನ್ನ ರುಜು ಹಾಕಿಸಿ, ಅದರ ಕೆಳಗೆ ತಮ್ಮ ರುಜು ಹಾಕಿದರು.

ಆ ಕಾಗದವನ್ನು ರುದ್ರಮುನಿಯಪ್ಪನವರ ಕೈಗೆ ಕೊಡಲು ಇಬ್ಬರೂ ಹೋದೆವು. ಅವರು ಓದಿ ಮುಗಿಸಿದಾಗ ಮುಖ ಕಪ್ಪಿಟ್ಟಿತ್ತು. ಕೂಗಾಡುವ ಮನುಷ್ಯರಲ್ಲ ಅವರು. ಆದರೆ ಆ ದಿನ ಆಡಿದ ಒಂದೊಂದು ಮಾತೂ ಚುಚ್ಚುವಂತಿತ್ತು. ಭಿತ್ತಿಪತ್ರ ಅಂಟಿಸಿಯಾಗಿದೆ, ಕಂಪನಿಯವರು ಸಾಮಾನು ಕಟ್ಟಿ ಹೊರಟಿದ್ದಾರೆ, ಇಷ್ಟು ವರ್ಷ ಒಂದು ಹೆಂಚೂ ಜಾರದ ಮಂದಿರಕ್ಕೆ ಈಗ ಕಾಲೇಜಿನಿಂದ ಬಂದ ಮಗು ಬೀಗ ಹಾಕಿಸುತ್ತದೆಯೇ ಎಂದು ಕೇಳಿದರು. ಆ ಕೊನೆಯ ಮಾತನ್ನು ನನ್ನ ಕಡೆ ನೋಡದೆ ಹೇಳಿದರು.

ಜಿನದತ್ತಯ್ಯನವರು, "ಹುಡುಗಿ ನೋಡಿದ್ಲು, ಬರೆದದ್ದು ಕಚೇರಿ. ಕೋಪ ಇದ್ರೆ ನನ್ನ ಮೇಲಿರಲಿ ಯಜಮಾನ್ರೇ," ಎಂದರು. ಸಮರ್ಥನೆಯಿಲ್ಲ, ಕ್ಷಮೆಯಿಲ್ಲ. ಎದುರಿಗಿದ್ದವರು ಏನಾದರೂ ಹೇಳಲಿ ಎಂದು ಕೈಕಟ್ಟಿ ಕುಳಿತರು. ರುದ್ರಮುನಿಯಪ್ಪನವರು ಕಾಗದವನ್ನು ಮಡಿಸಿ, ಪರೀಕ್ಷೆ ಮಾಡಿಸಿ ಎಂದರು. ಪರೀಕ್ಷೆಯಾದ ಮೇಲೆ ಷೆಡ್ಡಿನ ಕೆಲಸ ಯಾರಿಗೆ ಕೊಡಬೇಕೆಂದು ಯೋಚಿಸುತ್ತೇನೆ ಎಂದೂ ಸೇರಿಸಿದರು.

ಮೊದಲ ನಾಟಕ ಮುಂದಕ್ಕೆ ಹೋಯಿತು. ಭಿತ್ತಿಪತ್ರಗಳ ಮೇಲೆ ಅಡ್ಡಪಟ್ಟಿ ಅಂಟಿಸಿದರು. ಊರಿಗೆ ಊರೇ ವಿಷಯ ತಿಳಿದುಕೊಂಡಿತು. ತರಕಾರಿ ಅಂಗಡಿಯಲ್ಲಿ, ನಲ್ಲಿಯ ಬಳಿ, ಎಲ್ಲೆಲ್ಲೂ ಬಾಲ್ಕನಿಯದೇ ಮಾತು. ನನ್ನ ಅತ್ತಿಗೆ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಪರೀಕ್ಷೆಯನ್ನು ಹೀಗೆ ಮಾಡಿದೆವು. ಬಾಲ್ಕನಿಯ ಅಡಿಗೆ ದಪ್ಪ ಮರದ ಕಂಬಗಳನ್ನು ನಿಲ್ಲಿಸಿ, ಅವು ಅದರ ತಳಕ್ಕೆ ತಾಗದಂತೆ ಒಂದು ಬೆರಳಿನಷ್ಟು ಸಂದು ಬಿಟ್ಟೆವು. ಕುಸಿದರೂ ಪೂರ್ತಿ ಕುಸಿಯದಿರಲಿ ಎಂದು. ಬಾಲ್ಕನಿಯ ತುದಿಯಲ್ಲಿ, ಗಡಿಯಾರದ ಮುಖದಂಥ ಒಂದು ಮಾಪಕ. ಬಾಲ್ಕನಿ ಕೂದಲಿನಷ್ಟು ಬಾಗಿದರೂ ಅದರ ಮುಳ್ಳು ಅಲ್ಲಾಡುತ್ತದೆ. ಆಮೇಲೆ ಮರಳಿನ ಮೂಟೆಗಳನ್ನು ಒಂದೊಂದಾಗಿ ಮೇಲೆ ಹೊತ್ತು ಕುರ್ಚಿಗಳಿದ್ದ ಕಡೆ ಜೋಡಿಸುತ್ತ ಹೋದರು. ಜನ ತುಂಬಿ ಕುಳಿತು, ಸಾಲದೆಂಬಂತೆ ನಡುವಿನ ದಾರಿಯಲ್ಲೂ ನಿಂತುಕೊಂಡರೆ ಎಷ್ಟು ಭಾರವಾದೀತೋ ಅದಕ್ಕಿಂತ ಹೆಚ್ಚು. ಹೊರಗೆ ಗೇಟಿನ ಬಳಿ ಜನ ಗುಂಪುಗೂಡಿದ್ದರು. ರುದ್ರಮುನಿಯಪ್ಪನವರು ಅವರ ನಡುವೆ ಕೊಡೆ ಊರಿಕೊಂಡು ನಿಂತಿದ್ದರು. ಒಳಗೆ ಬರಲಿಲ್ಲ.

ಮುಳ್ಳು ನಿಧಾನವಾಗಿ ಸರಿಯಿತು, ಲೆಕ್ಕದಲ್ಲಿ ಬರುವಷ್ಟೇ ಸರಿಯಿತು, ನಿಂತಿತು. ಭಾರವನ್ನು ಮಾರನೆಯ ದಿನದವರೆಗೆ ಹಾಗೇ ಬಿಟ್ಟೆವು. ಮೂಟೆಗಳನ್ನು ಇಳಿಸಿದಾಗ ಮುಳ್ಳು ಹೊರಟ ಜಾಗಕ್ಕೆ ಬಹುಮಟ್ಟಿಗೆ ವಾಪಸಾಯಿತು. ಬಾಲ್ಕನಿ ಗಟ್ಟಿಯಾಗಿತ್ತು. ಅದರ ಮೇಲೆ ಆನೆ ಕಟ್ಟಬಹುದು ಎಂದು ಮೂಟೆ ಹೊರುವವನೊಬ್ಬ ಅಂದ, ಎಲ್ಲರೂ ನಕ್ಕರು. ನಾನು ಮಾಪಕವನ್ನು ಪೆಟ್ಟಿಗೆಗೆ ಹಾಕುತ್ತ ಬಗ್ಗಿಕೊಂಡೇ ಇದ್ದೆ. ಬಾಲ್ಕನಿ ಗಟ್ಟಿ ಎಂದು ತಿಳಿದು ಒಂದು ಕ್ಷಣ ನಿಜವಾಗಿ ಹಗುರಾದೆ. ಮರುಕ್ಷಣ, ಈ ಊರಿನಲ್ಲಿ ಇನ್ನು ನನ್ನ ಮಾತನ್ನು ಯಾರು ಕೇಳುತ್ತಾರೆ ಎನ್ನಿಸಿತು.

ಅದೇ ಮಧ್ಯಾಹ್ನ ಅಚ್ಯುತ ಇನ್ನೊಂದು ಸುದ್ದಿ ತಂದರು. ಸುಣ್ಣ ಬಳಿಯುವವರು ಹತ್ತಿ ನಿಲ್ಲಲು ಸಾರುವೆ ಕಟ್ಟುವಾಗ ಬಿದಿರಿನ ಗಳು ತಾಗಿ ಗಾಜು ಒಡೆದಿತ್ತಂತೆ. ಅದೊಂದು ಬೇಡದ ಗಾಜಿನ ಚೂರೆಂದುಕೊಂಡು ಅವರು ಯಾರಿಗೂ ಹೇಳಿರಲಿಲ್ಲ. ಅಚ್ಯುತ ಇದನ್ನು ಚುಚ್ಚಿ ಹೇಳಲಿಲ್ಲ, ಪಾಪ. ಹೇಳಿ ನನಗೊಂದು ಲೋಟ ಕಾಫಿ ತರಿಸಿಕೊಟ್ಟರು.

ಜಿನದತ್ತಯ್ಯನವರಿಗೆ ಇದನ್ನೂ ತಿಳಿಸಿದೆ. ಅವರು ಹೌದೇ ಎಂದರು, ಅಷ್ಟೇ. ಪರೀಕ್ಷೆಯ ಫಲಿತಾಂಶವನ್ನು ಐದು ಸಾಲಿನಲ್ಲಿ ಬರೆಸಿದರು. ಬಿರುಕು ಮೊದಲು ಯಾತಕ್ಕೆ ಬಂತೆಂಬುದು ಇನ್ನೂ ಗೊತ್ತಿಲ್ಲ, ಆದರೆ ಬಾಲ್ಕನಿ ಭಾರ ತಡೆಯುತ್ತದೆ ಎಂದು ಅದರ ಸಾರ. ಗಾಜಿಗೆ ಗಳು ತಾಗಿದ ವಿಷಯವೂ ಅದರಲ್ಲಿ ಸೇರಬೇಕೆಂದರು. ಆಮೇಲೆ ಅದನ್ನು ತೆಗೆದುಕೊಂಡು ರುದ್ರಮುನಿಯಪ್ಪನವರ ಮನೆಗೆ ಹೋಗು, ಒಬ್ಬಳೇ ಹೋಗು ಎಂದರು. ನನ್ನ ಮುಖ ನೋಡಿ, ನಾನು ಅದನ್ನು ಶಿಕ್ಷೆಯೆಂದು ತಿಳಿದಿದ್ದೇನೆಂದು ಅವರಿಗೆ ಹೊಳೆದಿರಬೇಕು.

"ಕೆಟ್ಟ ಸುದ್ದಿ ಹೇಳೋಕೆ ನಾನೂ ಬಂದಿದ್ದೆನಲ್ಲ. ಒಳ್ಳೆ ಸುದ್ದೀನ ನೀನೇ ಹೇಳು. ನೀನು ಹುಟ್ಟುಹಾಕಿದ ಕೆಲಸ, ನೀನೇ ಮುಗಿಸ್ಬೇಕು."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ಹೋದೆ. ಗಾಜು ಒಡೆದದ್ದನ್ನು ಕಂಡಮೇಲೆ ಹೇಳದಿರಲು ಸಾಧ್ಯವಿರಲಿಲ್ಲ ಎಂದು ಹೇಳಬೇಕು. ತೊಂದರೆಯಾದದ್ದಕ್ಕೆ ವಿಷಾದ ಹೇಳಬೇಕೋ ಬೇಡವೋ. ಅವರ ಮನೆಯ ಗೇಟು ತೆರೆಯುವಾಗ ಜೋಡಿಸಿದ್ದೆಲ್ಲ ಮರೆತುಹೋಯಿತು.

ಜಗಲಿಯಲ್ಲಿ ಅವರ ಹೆಂಡತಿ ನೀಲಮ್ಮನವರು ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಬಾ ತಾಯಿ ಎಂದು ಮಣೆ ಸರಿಸಿದರು. ಯಜಮಾನರು ಇದ್ದಾರೆಯೇ ಎಂದೆ. "ಬರ್ತಾರೆ, ಕೂತ್ಕೋ. ಬೆಳಗ್ಗೆ ಸಂಜೆ ಗುಡ್ಡ ಹತ್ತಿಳೀದಿದ್ರೆ ಅವರಿಗೆ ತಿಂದದ್ದು ಅರಗೋದಿಲ್ಲ."

ನನಗೆ ವಿಚಿತ್ರವೆನಿಸಿತು. ಊರ ಹೊರಗಿನ ಗುಡ್ಡಕ್ಕಿರುವ ಮೆಟ್ಟಿಲು ನಮ್ಮಂಥ ಹರೆಯದವರನ್ನೂ ನಡುವೆ ಒಮ್ಮೆ ಕೂರಿಸುವಂಥವು. ಮಂಡಿನೋವು ಎನ್ನುತ್ತಿದ್ದರಲ್ಲ ಎಂದೆ. ನೀಲಮ್ಮನವರು ಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಅವರಿಗೆಲ್ಲಿ ಮಂಡಿನೋವು?" ಎಂದು ಕೇಳಿದರು.

ಅಷ್ಟರಲ್ಲಿ ರುದ್ರಮುನಿಯಪ್ಪನವರೇ ಬಂದರು. ಕಾಲಿನ ಧೂಳು ತೊಳೆದುಕೊಂಡು ಎದುರಿಗೆ ಕುಳಿತರು. ನಾನು ಕಾಗದ ಕೊಟ್ಟೆ. ಬಾಲ್ಕನಿ ಗಟ್ಟಿಯಾಗಿದೆ, ನಾಟಕ ಆಡಿಸಬಹುದು ಎಂದೆ. ಗಾಜು ಒಡೆದದ್ದು ಬಹುಶಃ ಬಿದಿರು ತಾಗಿ ಎಂಬುದನ್ನೂ ಹೇಳಿದೆ. ಹೇಳಿ, ಏಟು ಬೀಳಲೆಂದು ಕಾಯುವವಳಂತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ.

ಅವರು ಆ ಐದು ಸಾಲನ್ನು ಓದಿದರು. ಮತ್ತೆ ಮೊದಲಿಂದ ಓದಿದರು. ಭಾರ ತಡೆಯುತ್ತದೆ ಎಂದರೆ ಎಷ್ಟು ಎಂದು ಕೇಳಿದರು. ಹೇಳಿದೆ. ಎಲ್ಲ ಜನ ಒಂದೇ ಸಲ ಎದ್ದು ನಿಂತರೆ ಎಂದರು. ತಡೆಯುತ್ತದೆ ಎಂದೆ. ಚಪ್ಪಾಳೆ ತಟ್ಟಿ ಕಾಲು ಬಡಿದರೆ ಎಂದರು. ಅದಕ್ಕೂ ತಡೆಯುತ್ತದೆ ಎಂದೆ. ಆಮೇಲೆ ಅವರು ಎದ್ದು ಗೂಟದ ಮೇಲಿದ್ದ ಶಲ್ಯ ಹೆಗಲಿಗೆ ಹಾಕಿಕೊಂಡರು. "ನಡಿ ತಾಯಿ, ಹೋಗಿ ಬರೋಣ," ಎಂದರು. ಇಬ್ಬರೂ ನಾಟಕ ಮಂದಿರದ ಕಡೆ ನಡೆದೆವು.

ಮಂದಿರದಲ್ಲಿ ಯಾರೂ ಇರಲಿಲ್ಲ. ಹೊಸ ಸುಣ್ಣದ ವಾಸನೆ, ಕಿಟಕಿಗಳಿಂದ ಬೀಳುವ ಸಂಜೆ ಬಿಸಿಲು. ಅವರು ಬಾಲ್ಕನಿಯ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕಟಕಟೆ ಹಿಡಿದುಕೊಂಡು, ಮಂಡಿಯ ಯಾವ ತೊಂದರೆಯೂ ಇಲ್ಲದೆ, ಆದರೆ ತುಂಬ ನಿಧಾನವಾಗಿ ಹತ್ತಿದರು. ಮೇಲೆ ಬಂದು ಕೊನೆಯ ಸಾಲಿನಲ್ಲಿ, ಗೋಡೆಗೆ ಹತ್ತಿರವಿದ್ದ ಕುರ್ಚಿಯಲ್ಲಿ ಕುಳಿತರು. ಇನ್ನೂ ಅಂಚಿಗೆ ಹೋಗುವ ಧೈರ್ಯ ಬಂದಿರಲಿಲ್ಲ ಎಂದು ಕಾಣುತ್ತದೆ.

"ಇಲ್ಲಿಂದ ಸ್ಟೇಜು ಇಷ್ಟು ಚೆನ್ನಾಗಿ ಕಾಣುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದರು.

ಆಮೇಲೆ ಹೇಳಿದರು. ಬಾಲ್ಕನಿಗೆ ಕಾಂಕ್ರೀಟು ಹಾಕುತ್ತಿದ್ದ ದಿನ ಹಠಾತ್ತನೆ ಜೋರು ಮಳೆ ಬಂದಿತ್ತು. ಅರ್ಧಕ್ಕೆ ಕೆಲಸ ನಿಂತಿತು. ಮಾರನೆಯ ದಿನ ಉಳಿದರ್ಧ ಹಾಕಲು ಬಂದ ಮೇಸ್ತ್ರಿ, ಯಜಮಾನರೇ, ನಿನ್ನೆಯದನ್ನು ಒಡೆದು ಹೊಸದಾಗಿ ಹಾಕೋಣ, ಎರಡೂ ಸರಿಯಾಗಿ ಬೆಸೆಯುತ್ತದೋ ಇಲ್ಲವೋ ಎಂದನಂತೆ. ಅವರ ತಂದೆ ಆಗ ಹಾಸಿಗೆ ಹಿಡಿದಿದ್ದರು. ಒಡೆದು ಮತ್ತೆ ಕಟ್ಟುತ್ತ ಕುಳಿತರೆ ಅವರು ಮಂದಿರ ನೋಡದೆ ಹೋಗುತ್ತಾರೆಂದು ಇವರು ಬೇಡ, ಮುಂದುವರಿಸಿ ಎಂದರು. ತಂದೆಯನ್ನು ಮೊದಲ ನಾಟಕಕ್ಕೆ ಎತ್ತಿಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರು ಸಂತೋಷಪಟ್ಟರು. ಆ ಮೇಲೆ ಮೇಸ್ತ್ರಿಯೂ ತೀರಿಕೊಂಡ. ವಿಷಯ ಗೊತ್ತಿದ್ದವರು ಇವರೊಬ್ಬರೇ ಉಳಿದರು.

"ಅವತ್ತಿನಿಂದ ಇವತ್ತಿನ ತನಕ ಇದರ ಮೇಲೆ ಕಾಲಿಟ್ಟಿಲ್ಲ ತಾಯಿ. ಎಷ್ಟು ನಾಟಕ ಆಡಿಸಿದೀನಿ, ಒಂದನ್ನೂ ನೋಡಿಲ್ಲ. ಕೆಳಗೆ ಹಿಂದುಗಡೆ ನಿಂತ್ಕೊಂಡು ಈ ಬಾಲ್ಕನಿ ಹೊಟ್ಟೇನೇ ನೋಡ್ತಿದ್ದೆ. ಜನ ನಕ್ಕರೆ ನನಗೆ ಎದೆ ಹೊಡ್ಕೋತಿತ್ತು."

ಆಗಲೇ ಯಾರಿಗಾದರೂ ತೋರಿಸಬಹುದಿತ್ತಲ್ಲ ಎಂದು ಕೇಳಿದೆ. ಕೇಳಿದಮೇಲೆ, ಕೇಳಬಾರದಿತ್ತೇನೋ ಅನ್ನಿಸಿತು.

"ತೋರಿಸಿದ್ರೆ, ಹೌದು, ಬೀಳುತ್ತೆ ಅಂದ್ಬಿಟ್ರೆ? ನಮ್ಮಪ್ಪನ ಹೆಸರಿನ ಮಂದಿರ. ಹಾಗಂತ ಸುಮ್ಮನೂ ಇರೋಕಾಗ್ಲಿಲ್ಲ. ಈ ಸಲ ಸುಣ್ಣ ಕೆರೆದಾಗ ಗೆರೆ ಕಂಡ್ತಲ್ಲ, ಇನ್ನು ನನ್ನ ಕೈಲಾಗಲ್ಲ ಅಂತ ನಿಮ್ಮೋರಿಗೆ ಹೇಳಿ ಕಳಿಸ್ದೆ. ಕಳಿಸಿದ್ದೂ ನಾನೇ, ನೀವು ಬರೆದು ತಂದಾಗ ಬೈದದ್ದೂ ನಾನೇ."

ನಾನು ಎದ್ದು ಬಾಲ್ಕನಿಯ ಮುಂಭಾಗದವರೆಗೆ ನಡೆದು ಹೋದೆ. ಬಿರುಕು ಓಡಿದ ಗೆರೆ ಮನಸ್ಸಿನಲ್ಲಿ ಮೂಡಿತು; ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅದು ನೇರವಾಗಿತ್ತು. ಮೊದಲ ದಿನದ ಕಾಂಕ್ರೀಟು ನಿಂತ ಜಾಗವದು. ಅಲ್ಲಿ ಹೊಸದಕ್ಕೂ ಹಳೆಯದಕ್ಕೂ ನಡುವೆ ಮೇಲ್ಮೈಯಲ್ಲಿ ಒಂದು ಗೆರೆ ಬಿಟ್ಟಿದೆ, ಒಳಗೆ ಕಬ್ಬಿಣವೂ ಕಾಂಕ್ರೀಟೂ ಒಂದನ್ನೊಂದು ಹಿಡಿದುಕೊಂಡಿವೆ, ಹಿಡಿದುಕೊಳ್ಳದಿದ್ದರೆ ನಿನ್ನೆ ಅಷ್ಟು ಭಾರ ನಿಲ್ಲುತ್ತಿರಲಿಲ್ಲ ಎಂದು ಅವರಿಗೆ ವಿವರಿಸಿದೆ. ಕಾರಣ ಗೊತ್ತಿಲ್ಲ ಎಂದು ಬರೆದಿದ್ದೆನಲ್ಲ, ಈಗ ಗೊತ್ತಾಯಿತು ಎಂದೆ. ಅವರು ಮೊದಲ ಸಲ ನಕ್ಕರು. ಎದ್ದು ಬಂದು ನನ್ನ ಪಕ್ಕದಲ್ಲಿ ಅಂಚಿನ ಕಟಾಂಜನದ ಕಂಬಿ ಹಿಡಿದು ನಿಂತರು. ಕೆಳಗೆ ನೋಡಿದರು. ಒಮ್ಮೆ ಹಿಮ್ಮಡಿಯೂರಿ ಮೆಲ್ಲನೆ ಕಾಲು ಬಡಿದರು. ಇನ್ನೊಮ್ಮೆ ಸ್ವಲ್ಪ ಜೋರಾಗಿ. ಖಾಲಿ ಮಂದಿರದಲ್ಲಿ ಅದು ದೊಡ್ಡ ಸದ್ದಾಗಿ ಕೇಳಿತು.

ಇಳಿಯುವಾಗ, ಇದು ನಮ್ಮಿಬ್ಬರಲ್ಲೇ ಇರಲಿ ತಾಯಿ ಎಂದರು. ಇರುತ್ತದೆ ಎಂದೆ.

ಕಚೇರಿಗೆ ಬಂದಾಗ ಜಿನದತ್ತಯ್ಯನವರು ಹೊರಡಲು ಸಿದ್ಧರಾಗಿ ನನಗಾಗಿಯೇ ಕಾದಿದ್ದರು. ಊಟದ ಹೊತ್ತು ಮೀರುತ್ತಿತ್ತು. ಏನೆಂದರು ಎಂದು ಕೇಳಿದರು. ಒಳ್ಳೆಯದಾಯಿತು ಎಂದರು ಎಂದೆ. ಅವರು ಇನ್ನೂ ಏನಾದರೂ ಇದೆಯೇ ಎನ್ನುವ ಹಾಗೆ ನೋಡಿದರು. ನಾನು ವರದಿಯ ಪ್ರತಿಯನ್ನು ಕಡತಕ್ಕೆ ಸೇರಿಸತೊಡಗಿದೆ. ಬಿರುಕಿನ ಕಾರಣ ಗೊತ್ತಾಯಿತೇ ಎಂದರು. ಎರಡು ದಿನ ಕಾಂಕ್ರೀಟು ಹಾಕಿದ ಸಂದಿಯ ಗೆರೆ ಎಂದು ಕಾಣುತ್ತದೆ ಸರ್ ಎಂದೆ. ಅದು ನಿನಗೆ ಹೇಗೆ ತಿಳಿಯಿತು ಎಂದು ಅವರು ಕೇಳಬೇಕಾಗಿತ್ತು, ಯಾರಾದರೂ ಕೇಳುತ್ತಿದ್ದರು. ಅವರು ಕೊಡೆ ಕೈಗೆತ್ತಿಕೊಂಡು, "ಸರಿ. ನಾಳೆಯಿಂದ ಷೆಡ್ಡಿನ ಲೆಕ್ಕ ನೀನು ನೋಡು," ಎಂದು ಮೆಟ್ಟಿಲಿಳಿದರು. ಷೆಡ್ಡಿನ ಕೆಲಸ ನಮ್ಮಲ್ಲೇ ಉಳಿಯುತ್ತದೆಂದು ಅವರಿಗೆ ಯಾರೂ ಇನ್ನೂ ಹೇಳಿರಲಿಲ್ಲ.

ಈಗ ಇದನ್ನೆಲ್ಲ ಬರೆಯುತ್ತಿದ್ದೇನಲ್ಲ, ಮಾತು ಮುರಿದಂತಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಎಷ್ಟೋ ವರ್ಷಗಳ ಮೇಲೆ ಮಂದಿರದ ಉತ್ಸವದಲ್ಲಿ ರುದ್ರಮುನಿಯಪ್ಪನವರೇ ವೇದಿಕೆಯ ಮೇಲೆ ನಿಂತು, ತುಂಬಿದ ಬಾಲ್ಕನಿಯ ಕಡೆ ಕೈ ತೋರಿಸಿ, ಮಳೆ ಬಂದ ದಿನದಿಂದ ಹಿಡಿದು ಎಲ್ಲವನ್ನೂ ಊರಿಗೆ ಹೇಳಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ನನಗೆ ಊರಿನಲ್ಲಿ ಅನುಮಾನದಮ್ಮ ಎಂಬ ಹೆಸರು ಬಿದ್ದಿತ್ತು. ಗೃಹಪ್ರವೇಶಕ್ಕೆ ಮೊದಲು ಅನುಮಾನದಮ್ಮನಿಗೊಮ್ಮೆ ತೋರಿಸಿ ಎನ್ನುವುದು ರೂಢಿಯಾಗಿತ್ತು. ಅದರಿಂದಲೇ ನನ್ನ ಸ್ವಂತ ಕಚೇರಿ ನಡೆಯಿತು ಎಂದರೆ ತಪ್ಪಲ್ಲ. ಕಾಲೇಜಿನ ಮಕ್ಕಳು ಈ ಜಾಗದಲ್ಲಿ ನಗುತ್ತಾರೆ. ಕಳೆದ ವರ್ಷ ಒಬ್ಬ ಹುಡುಗ ಎದ್ದು, ಹಾಗಾದರೆ ನಿಮ್ಮ ಸಂಶಯ ಸುಳ್ಳಾಗಿತ್ತಲ್ಲ ಮೇಡಂ ಎಂದ. ಹೌದು, ಸುಳ್ಳಾಗಿತ್ತು ಎಂದೆ. ಅವನು ಯೋಚಿಸುತ್ತ ಕುಳಿತ.

ಮುಂದಕ್ಕೆ ಹೋಗಿದ್ದ ಮೊದಲ ನಾಟಕ ಕೊನೆಗೂ ನಡೆದ ಸಂಜೆ ನಮ್ಮ ಕಚೇರಿಯವರಿಗೆಲ್ಲ ಕೆಳಗೆ, ಬಾಲ್ಕನಿಯ ಅಂಚಿನ ನೇರಕ್ಕೆ ಬರುವ ಸಾಲಿನಲ್ಲಿ ಜಾಗ ಕಾದಿರಿಸಿದ್ದರು. ಅಚ್ಯುತ ಹೆಂಡತಿ ಮಕ್ಕಳನ್ನು ಕರೆತಂದಿದ್ದರು. ಜಿನದತ್ತಯ್ಯನವರು ಹೊತ್ತಿಗೆ ಮುಂಚೆ ಊಟ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಕುಳಿತರು. ನನಗೆ ಜಾಗ ಬದಲಾಗಿತ್ತು. ನೀಲಮ್ಮನವರು ಕೈಹಿಡಿದು ನನ್ನನ್ನೂ ಅತ್ತಿಗೆಯನ್ನೂ ಬಾಲ್ಕನಿಗೆ ಕರೆದೊಯ್ದಿದ್ದರು. ಮೇಲೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು, ಮಡಿಲಲ್ಲಿ ಕೂಸುಗಳು, ಮೆಟ್ಟಿಲುಗಳ ಮೇಲೂ ಜನ. ಎಲ್ಲರಿಗಿಂತ ಮುಂದೆ, ಕಟಾಂಜನಕ್ಕೆ ಮೊಣಕೈ ಊರಿಕೊಂಡು ರುದ್ರಮುನಿಯಪ್ಪನವರು ಕುಳಿತಿದ್ದರು. ಕೈಯಲ್ಲಿ ಹುರಿದ ಕಡಲೆಕಾಯಿಯ ಪೊಟ್ಟಣ.

ಪರದೆ ಎದ್ದಿತು. ಹಾಸ್ಯಪಾತ್ರದವನು ಬಂದ ಕೂಡಲೇ ಬಾಲ್ಕನಿ ಇಡಿಯಾಗಿ ನಕ್ಕಿತು. ರುದ್ರಮುನಿಯಪ್ಪನವರು ಕಣ್ಣು ವೇದಿಕೆಯ ಮೇಲಿಟ್ಟು, ಕೈಗೆ ಬಂದ ಕಾಯಿ ಒಡೆದು, ಬೀಜ ಬಾಯಿಗೆ ಹಾಕಿಕೊಂಡು, ಸಿಪ್ಪೆಯನ್ನು ನೋಡದೆಯೇ ಕೆಳಗೆ ಬಿಡುತ್ತಿದ್ದರು. ಅವು ತೇಲುತ್ತ ಹೋಗಿ ಕೆಳಗೆ ಕುಳಿತವರ ತಲೆ, ಭುಜಗಳ ಮೇಲೆ ಬೀಳುತ್ತಿದ್ದವು. ಬಗ್ಗಿ ನೋಡಿದೆ. ಜಿನದತ್ತಯ್ಯನವರು ಮೇಲೆ ನೋಡಲಿಲ್ಲ. ಹೆಗಲ ಮೇಲೆ ಬಿದ್ದ ಸಿಪ್ಪೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ತೆಗೆದು ಪಕ್ಕಕ್ಕೆ ಹಾಕಿ, ಮತ್ತೆ ನಾಟಕ ನೋಡತೊಡಗಿದರು.